ಮುಂಭಾಗವಿಲ್ಲದ ಕೆಂಪು ವಾಹನ: 9/11 ಮ್ಯೂಸಿಯಂನಲ್ಲಿ 343 ಅಗ್ನಿಶಾಮಕ ಸಿಬ್ಬಂದಿಯ ನೆನಪು

ಮಕ್ಕಳನ್ನು ನೋಡಲೆಂದು ನ್ಯೂಜೆರ್ಸಿಗೋ ನ್ಯೂಯಾರ್ಕಿಗೋ ಹೋದ ನಮ್ಮ ಕಡೆಯ ತಂದೆತಾಯಿಯರನ್ನು ಒಂದಲ್ಲ ಒಂದು ಶನಿವಾರ ಮಗನೋ ಮಗಳೋ ಮ್ಯಾನ್‌ಹಟನ್‌ನ ದಕ್ಷಿಣ ತುದಿಯಲ್ಲಿರುವ 9/11 ಸ್ಮಾರಕಕ್ಕೆ ಕರೆದೊಯ್ಯುವುದುಂಟು. ಅಲ್ಲಿ ನೆಲಮಟ್ಟದಿಂದ ಸುಮಾರು 70 ಅಡಿ ಕೆಳಗಿರುವ ಮ್ಯೂಸಿಯಂಗೆ ಇಳಿದವರು ಒಂದು ಕೆಂಪು ವಾಹನದ ಮುಂದೆ ನಿಂತೇ ನಿಲ್ಲುತ್ತಾರೆ. ಹಿಂಬದಿಯಿಂದ ನೋಡಿದರೆ ಅದು ಅಗ್ನಿಶಾಮಕ ದಳದ ವಾಹನವೆಂದು ತಕ್ಷಣ ತಿಳಿಯುತ್ತದೆ. ಅದರ ಪಕ್ಕದಲ್ಲೇ ನಡೆದು ಮುಂದಕ್ಕೆ ಬಂದಂತೆ ಲೋಹ ಹರಿದು, ತಿರುಚಿ, ಮುದ್ದೆಯಾಗಿ, ಚಾಲಕ ಕೂರಬೇಕಾದ ಜಾಗವೇ ಇಲ್ಲವಾಗಿರುವುದು ಕಾಣುತ್ತದೆ. ಇದರ ಹೆಸರು ‘ಲ್ಯಾಡರ್ 3’. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಇದೇ ಹೆಸರಿನ ತಂಡದಿಂದ ಹೊರಟು ವರ್ಲ್ಡ್ ಟ್ರೇಡ್ ಸೆಂಟರ್‌ನ ಉತ್ತರ ಗೋಪುರದೊಳಗೆ ಹೋದ 11 ಮಂದಿ ಮರಳಲಿಲ್ಲ.

2026ಕ್ಕೆ ಆ ಘಟನೆಗೆ ಇಪ್ಪತ್ತೈದು ವರ್ಷ. ಅಂದು ಟಿ.ವಿ.ಯಲ್ಲಿ ಗೋಪುರಗಳು ಬೀಳುವುದನ್ನು ಕಂಡವರಿಗೂ, ಆಮೇಲೆ ಹುಟ್ಟಿದವರಿಗೂ ಈ ವಾಹನದ ಮುಂದೆ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬೆಂಕಿ ನೂರು ಮಹಡಿಯ ಹತ್ತಿರ ಇರುವಾಗ ಇವರು ಮೆಟ್ಟಿಲು ಹತ್ತಿದ್ದೇಕೆ, ಕಟ್ಟಡ ಬೀಳುತ್ತದೆಂದು ಅವರಿಗೆ ತಿಳಿದಿರಲಿಲ್ಲವೇ, ಒಂದು ವಾಹನದಿಂದ ಅಷ್ಟು ಜನ ಹೋದದ್ದು ಹೇಗೆ? ಮ್ಯೂಸಿಯಂನ ಫಲಕಗಳು ಅಮೆರಿಕದ ಓದುಗರನ್ನು ಮನಸ್ಸಿನಲ್ಲಿಟ್ಟು ಬರೆದವು. ಅಲ್ಲಿನ ಅಗ್ನಿಶಾಮಕ ದಳದ ರೀತಿನೀತಿ ಗೊತ್ತಿಲ್ಲದ ನಮಗೆ ಸ್ವಲ್ಪ ಹಿನ್ನೆಲೆ ಬೇಕಾಗುತ್ತದೆ.

ಆ 102 ನಿಮಿಷಗಳು

1973ರಲ್ಲಿ ಉದ್ಘಾಟನೆಯಾದ ವರ್ಲ್ಡ್ ಟ್ರೇಡ್ ಸೆಂಟರ್‌ನ ಅವಳಿ ಗೋಪುರಗಳು ತಲಾ 110 ಮಹಡಿಯವು. 2001ರ ಸೆಪ್ಟೆಂಬರ್ 11ರ ಮಂಗಳವಾರ ಬೆಳಿಗ್ಗೆ 8.46ಕ್ಕೆ ಭಯೋತ್ಪಾದಕರು ಅಪಹರಿಸಿದ ಪ್ರಯಾಣಿಕರ ವಿಮಾನವೊಂದು ಉತ್ತರ ಗೋಪುರದ 93ರಿಂದ 99ನೇ ಮಹಡಿಗಳ ನಡುವೆ ನುಗ್ಗಿತು. 9.03ಕ್ಕೆ ಮತ್ತೊಂದು ವಿಮಾನ ದಕ್ಷಿಣ ಗೋಪುರದ 77ರಿಂದ 85ನೇ ಮಹಡಿಗಳ ನಡುವೆ ಹೊಕ್ಕಿತು. ಎರಡನೆಯದಾಗಿ ಪೆಟ್ಟು ತಿಂದ ದಕ್ಷಿಣ ಗೋಪುರವೇ ಮೊದಲು, 9.59ಕ್ಕೆ, ಕುಸಿಯಿತು. ಉತ್ತರ ಗೋಪುರ 10.28ಕ್ಕೆ ಬಿತ್ತು. ಮೊದಲ ಪೆಟ್ಟಿನಿಂದ ಕೊನೆಯ ಕುಸಿತದವರೆಗೆ ಕಳೆದದ್ದು 102 ನಿಮಿಷ.

ಅಂದು ನ್ಯೂಯಾರ್ಕ್, ಅಪಹೃತವಾದ ಇನ್ನೆರಡು ವಿಮಾನಗಳು ಅಪ್ಪಳಿಸಿದ ಪೆಂಟಗನ್ ಮತ್ತು ಪೆನ್ಸಿಲ್ವೇನಿಯ ಮೂರೂ ಕಡೆ ಸೇರಿ 2,977 ಮಂದಿ ಕೊಲ್ಲಲ್ಪಟ್ಟರು. ಅವರಲ್ಲಿ 343 ಮಂದಿ ನ್ಯೂಯಾರ್ಕ್ ನಗರದ ಅಗ್ನಿಶಾಮಕ ದಳದವರು. ಅದಕ್ಕೆ ಮೊದಲು ಆ ದಳ ಒಂದೇ ದುರ್ಘಟನೆಯಲ್ಲಿ ಕಂಡಿದ್ದ ಅತಿದೊಡ್ಡ ನಷ್ಟವೆಂದರೆ 1966ರ ಅಕ್ಟೋಬರ್‌ನಲ್ಲಿ 23ನೇ ರಸ್ತೆಯ ಬೆಂಕಿಯಲ್ಲಿ ಮಡಿದ 12 ಮಂದಿ. ಭಾರತದಲ್ಲಿ ಪ್ರತಿವರ್ಷ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಆಚರಿಸುವುದು 1944ರಲ್ಲಿ ಮುಂಬಯಿ ಬಂದರಿನಲ್ಲಿ ‘ಫೋರ್ಟ್ ಸ್ಟೈಕಿನ್’ ಹಡಗು ಸ್ಫೋಟಿಸಿದಾಗ ಪ್ರಾಣ ಕೊಟ್ಟ 66 ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ. ಆ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿದಾಗ 343 ಎಂಬುದರ ಭಾರ ನಮಗೆ ಒಂದಿಷ್ಟು ಅಂದಾಜಿಗೆ ಸಿಗುತ್ತದೆ.

‘ಲ್ಯಾಡರ್’, ‘ಎಂಜಿನ್’, ‘ಕಂಪನಿ’ ಎಂದರೇನು

ಮ್ಯೂಸಿಯಂನಲ್ಲೂ ಹೊರಗಿನ ಸ್ಮಾರಕದಲ್ಲೂ ಈ ಮೂರು ಪದಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಇಲ್ಲಿ ‘ಕಂಪನಿ’ ಎಂದರೆ ವ್ಯಾಪಾರದ ಸಂಸ್ಥೆಯಲ್ಲ. ಒಬ್ಬ ಅಧಿಕಾರಿಯ ಕೈಕೆಳಗೆ ಒಂದೇ ವಾಹನದಲ್ಲಿ ಹೊರಡುವ ಪುಟ್ಟ ತಂಡ. ನೀರಿನ ಪಂಪು ಮತ್ತು ಕೊಳವೆಗಳನ್ನು ಒಯ್ಯುವ ತಂಡ ‘ಎಂಜಿನ್ ಕಂಪನಿ’, ಬೆಂಕಿಗೆ ನೀರು ಹೊಡೆಯುವುದು ಅವರ ಕೆಲಸ. ಉದ್ದನೆಯ ಏಣಿ, ಕೊಡಲಿ, ಬಾಗಿಲು ಮೀಟುವ ಹಾರೆಗಳನ್ನು ಒಯ್ಯುವ ತಂಡ ‘ಲ್ಯಾಡರ್ ಕಂಪನಿ’. ಇವರ ವಾಹನದಲ್ಲಿ ಬೆಂಕಿಗೆ ಹೊಡೆಯುವ ನೀರಿರುವುದಿಲ್ಲ. ಬಾಗಿಲು ಒಡೆಯುವುದು, ಹೊಗೆ ಹೊರಹೋಗಲು ದಾರಿ ಮಾಡುವುದು, ಎಲ್ಲಕ್ಕಿಂತ ಮೊದಲು ಒಳಗೆ ಸಿಕ್ಕಿಕೊಂಡವರನ್ನು ಹುಡುಕಿ ಹೊರತರುವುದು ಇವರ ಪಾಲಿನ ಕೆಲಸ. ಹೀಗಾಗಿ ಲ್ಯಾಡರ್ 3ರ ಮುಂದೆ ನಿಂತಾಗ ನಾವು ನೋಡುತ್ತಿರುವುದು ಬೆಂಕಿ ಆರಿಸುವ ವಾಹನವನ್ನಲ್ಲ, ಮನುಷ್ಯರನ್ನು ಹುಡುಕಲು ಹೊರಟವರ ವಾಹನವನ್ನು.

ಇವುಗಳ ಜೊತೆಗೆ ಕಠಿಣ ಪರಿಸ್ಥಿತಿಗಳಿಗಾಗಿ ವಿಶೇಷ ತರಬೇತಿ ಪಡೆದ ‘ರೆಸ್ಕ್ಯೂ’ ಮತ್ತು ‘ಸ್ಕ್ವಾಡ್’ ತಂಡಗಳಿವೆ. ಹಲವು ಕಂಪನಿಗಳ ಮೇಲೆ ಒಂದು ‘ಬೆಟಾಲಿಯನ್’ ಇರುತ್ತದೆ, ಅದಕ್ಕೊಬ್ಬ ಮುಖ್ಯಸ್ಥ.

ಒಂದು ಲ್ಯಾಡರ್ ಕಂಪನಿಯ ಪಾಳಿಯಲ್ಲಿ ಸಾಮಾನ್ಯವಾಗಿ ಇರುವುದು ಒಬ್ಬ ಅಧಿಕಾರಿ ಮತ್ತು ಐವರು ಸಿಬ್ಬಂದಿ. ಹಾಗಿದ್ದರೆ ಲ್ಯಾಡರ್ 3ರಿಂದ 11 ಮಂದಿ ಸತ್ತದ್ದು ಹೇಗೆ? ನ್ಯೂಯಾರ್ಕ್‌ನ ಅಗ್ನಿಶಾಮಕ ಠಾಣೆಗಳಲ್ಲಿ ಪಾಳಿ ಬದಲಾಗುವುದು ಬೆಳಿಗ್ಗೆ 9ಕ್ಕೆ. ವಿಮಾನ ಬಡಿದದ್ದು 8.46ಕ್ಕೆ. ರಾತ್ರಿಯಿಡೀ ಕೆಲಸ ಮಾಡಿ ಮನೆಗೆ ಹೊರಡಬೇಕಾದವರೂ ಹಗಲಿನ ಪಾಳಿಗೆಂದು ಬಂದವರೂ ಆ ಹೊತ್ತಿಗೆ ಠಾಣೆಯಲ್ಲಿ ಒಟ್ಟಿಗೇ ಇದ್ದರು. ಪೂರ್ವ 13ನೇ ರಸ್ತೆಯ ಠಾಣೆಯಲ್ಲಿದ್ದ ಲ್ಯಾಡರ್ 3ರ ಜನ, ಕ್ಯಾಪ್ಟನ್ ಪ್ಯಾಟ್ರಿಕ್ ಬ್ರೌನ್ ಅವರ ನೇತೃತ್ವದಲ್ಲಿ, ಎರಡೂ ಪಾಳಿಯವರು ಸೇರಿ ಹೊರಟರು. ಬೇರೆ ಹಲವು ಠಾಣೆಗಳಲ್ಲೂ ಇದೇ ಆಯಿತು. ಮಡಿದ 343 ಮಂದಿಯಲ್ಲಿ ಸುಮಾರು 60 ಮಂದಿ ಆ ಹೊತ್ತಿಗೆ ಕರ್ತವ್ಯದ ಮೇಲೆ ಇರಲೇ ಇಲ್ಲ. ಮನೆಗೆ ಹೋಗಬಹುದಾಗಿದ್ದ ಅವರು ಹೋಗಲಿಲ್ಲ. ಈ ಒಂದು ಸಂಗತಿ ತಿಳಿಯದೆ ಆ ವಾಹನವನ್ನು ನೋಡಿದರೆ ಅರ್ಧವಷ್ಟೇ ನೋಡಿದಂತೆ ಎಂದು ನನಗೆ ಅನಿಸುತ್ತದೆ.

ಮೆಟ್ಟಿಲನ್ನೇ ಹತ್ತಬೇಕಾದದ್ದು ಏಕೆ

ಅಗ್ನಿಶಾಮಕ ವಾಹನದ ಏಣಿಯನ್ನು ಪೂರ್ತಿ ಚಾಚಿದರೂ ಅದು ತಲುಪುವುದು ಸುಮಾರು 100 ಅಡಿ. ಉತ್ತರ ಗೋಪುರದಲ್ಲಿ ಬೆಂಕಿ ಇದ್ದದ್ದು ಸಾವಿರ ಅಡಿಗೂ ಮೇಲೆ. ಗಗನಚುಂಬಿ ಕಟ್ಟಡಗಳಲ್ಲಿ ಬೆಂಕಿಯನ್ನು ಹೊರಗಿನಿಂದ ಆರಿಸಲಾಗುವುದಿಲ್ಲ, ಒಳಗಿನಿಂದಲೇ ಹೋಗಬೇಕು. ಉತ್ತರ ಗೋಪುರದ ಬಹುತೇಕ ಎಲ್ಲ ಲಿಫ್ಟುಗಳೂ ವಿಮಾನ ಬಡಿದ ರಭಸಕ್ಕೆ ಕೆಟ್ಟು ನಿಂತಿದ್ದವು. ಹಾಗಾಗಿ ಉಳಿದದ್ದು ಮೆಟ್ಟಿಲು ಮಾತ್ರ, ಅದೂ ಇಡೀ ಗೋಪುರಕ್ಕೆ ಮೂರೇ ಮೂರು ಸಾಲು.

ದಪ್ಪ ಕೋಟು, ಬೂಟು, ಹೆಲ್ಮೆಟ್, ಬೆನ್ನಿಗೆ ಗಾಳಿಯ ಸಿಲಿಂಡರ್, ಕೈಯಲ್ಲಿ ಹಾರೆ ಅಥವಾ ಹೆಗಲ ಮೇಲೆ ಕೊಳವೆಯ ಸುರುಳಿ ಸೇರಿದರೆ ಒಬ್ಬೊಬ್ಬರ ಮೇಲಿದ್ದ ಭಾರ 27 ಕಿಲೋಗೂ ಹೆಚ್ಚು. ನಮ್ಮ ಅಡುಗೆಮನೆಯ ತುಂಬಿದ ಗ್ಯಾಸ್ ಸಿಲಿಂಡರ್ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಅದನ್ನು ಹೊತ್ತು ಮೂರನೇ ಮಹಡಿಗೆ ಹತ್ತಿದವರ ಏದುಸಿರನ್ನು ನಾವೆಲ್ಲ ಕೇಳಿದ್ದೇವೆ. ಅಂಥ ಭಾರದೊಂದಿಗೆ ಅವರಿಗೆ ಒಂದೊಂದು ಮಹಡಿಗೆ ಸುಮಾರು ಎರಡು ನಿಮಿಷ ಹಿಡಿಯುತ್ತಿತ್ತು ಎಂದು ಆಮೇಲಿನ ತನಿಖೆ ಲೆಕ್ಕಹಾಕಿತು. ಆ ವೇಗದಲ್ಲಿ ಹತ್ತಿದರೆ 93ನೇ ಮಹಡಿ ಮುಟ್ಟಲು ಮೂರು ಗಂಟೆ ಬೇಕು. ಗೋಪುರ ನಿಂತದ್ದು ಒಂದೂಮುಕ್ಕಾಲು ಗಂಟೆಗಿಂತ ಕಡಿಮೆ. ಲ್ಯಾಡರ್ 3ರ ತಂಡ ಮೂವತ್ತನೆಯ ಮಹಡಿಯನ್ನು ದಾಟಿತ್ತು.

ಬೆಂಕಿಯನ್ನು ಆರಿಸಲು ಸಾಧ್ಯವಿಲ್ಲವೆಂದು ಕೆಳಗಿದ್ದ ಮುಖ್ಯಸ್ಥರು ಆರಂಭದಲ್ಲೇ ನಿರ್ಧರಿಸಿದ್ದರು. ಆದ್ದರಿಂದ ಮೇಲೆ ಹೋದವರಿಗೆ ಒಪ್ಪಿಸಿದ್ದು ಜನರನ್ನು ಕೆಳಗಿಳಿಸುವ ಕೆಲಸವನ್ನು. ಆ ಬೆಳಿಗ್ಗೆ ಎರಡೂ ಗೋಪುರಗಳಲ್ಲಿ ಸುಮಾರು 17,400 ಮಂದಿ ಇದ್ದರೆಂದು ಅಂದಾಜು. ವಿಮಾನ ಬಡಿದ ಜಾಗಕ್ಕಿಂತ ಕೆಳಗಿದ್ದವರಲ್ಲಿ ನೂರಕ್ಕೆ 99 ಮಂದಿ ಬದುಕಿ ಹೊರಬಂದರು. ಅವರಲ್ಲಿ ಬಹುಪಾಲು ಜನ ತಾವಾಗಿಯೇ ಇಳಿದವರು. ನಡೆಯಲಾರದವರು, ಗಾಯಗೊಂಡವರು, ಉಸಿರು ಕಟ್ಟಿ ಕುಳಿತವರ ಪಾಲಿಗೆ ಮಾತ್ರ ಮೇಲಕ್ಕೆ ಬರುತ್ತಿದ್ದ ಆ ಭಾರ ಹೊತ್ತವರೇ ಆಸರೆ.

ದಕ್ಷಿಣ ಗೋಪುರದಲ್ಲಿ ಏಳನೇ ಬೆಟಾಲಿಯನ್ನಿನ ಮುಖ್ಯಸ್ಥ ಓರಿಯೋ ಪಾಮರ್ ಅವರಿಗೆ 40ನೇ ಮಹಡಿಯ ಸುಮಾರಿಗೆ ಹೋಗುವ ಒಂದು ಲಿಫ್ಟ್ ಸಿಕ್ಕಿತು. ಅಲ್ಲಿಂದ ಅವರು ಮೆಟ್ಟಿಲು ಹತ್ತಿ ಹೋಗಿ 78ನೇ ಮಹಡಿ ತಲುಪಿದರು. ಅಂದರೆ ವಿಮಾನ ಬಡಿದ ವಲಯವನ್ನೇ ಮುಟ್ಟಿದ್ದರು. ಅಲ್ಲಿ ಗಾಯಾಳುಗಳಿರುವುದನ್ನೂ ಬೆಂಕಿ ಎಲ್ಲೆಲ್ಲಿದೆ ಎಂಬುದನ್ನೂ ಅವರು ವಾಕಿಟಾಕಿಯಲ್ಲಿ ಕೆಳಗಿನವರಿಗೆ ತಿಳಿಸುತ್ತಿದ್ದದ್ದು ದಾಖಲೆಯಾಗಿ ಉಳಿದಿದೆ. ಕೆಲವೇ ನಿಮಿಷಗಳಲ್ಲಿ ಗೋಪುರ ಕುಸಿಯಿತು.

ಉಕ್ಕಿನ ಗೋಪುರ ಕುಸಿದದ್ದು ಹೇಗೆ

ವಿಮಾನದ ಇಂಧನದ ಬೆಂಕಿಗೆ ಉಕ್ಕು ಕರಗಿಹೋಯಿತು ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಸರಿಯಲ್ಲ. ಕುಲುಮೆಯಲ್ಲಿ ಕಮ್ಮಾರ ಕಬ್ಬಿಣವನ್ನು ಕರಗಿಸುವುದಿಲ್ಲ, ಕೆಂಪಗೆ ಕಾಯಿಸುತ್ತಾನೆ. ಅಷ್ಟಕ್ಕೇ ಅದು ಬೇಕಾದಂತೆ ಬಾಗುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕಟ್ಟಡದ ಉಕ್ಕು ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ.

ಸಾಮಾನ್ಯ ಬೆಂಕಿಯಲ್ಲಿ ಹೀಗಾಗದಿರಲೆಂದು ಉಕ್ಕಿನ ಮೇಲೆ ಶಾಖ ತಡೆಯುವ ಲೇಪ ಹಾಕಿರುತ್ತಾರೆ. ವಿಮಾನಗಳು ಬಡಿದಾಗ ಹಲವು ಕಂಬಗಳು ಕಡಿದುಹೋದದ್ದಷ್ಟೇ ಅಲ್ಲದೆ ಆ ಲೇಪವೂ ಉದುರಿಹೋಯಿತು, ಬೆಂಕಿ ಆರಿಸುವ ನೀರಿನ ಕೊಳವೆಗಳೂ ತುಂಡಾದವು. ಇಂಧನ ಕೆಲವು ನಿಮಿಷಗಳಲ್ಲೇ ಉರಿದು ಮುಗಿಯಿತು. ಆದರೆ ಅದು ಹಚ್ಚಿದ ಬೆಂಕಿ ಕಚೇರಿಗಳ ಕಾಗದ, ಪೀಠೋಪಕರಣಗಳನ್ನು ಹಿಡಿದು ಹಲವು ಮಹಡಿಗಳಲ್ಲಿ ಒಟ್ಟಿಗೆ ಉರಿಯಿತು. ಕಾದ ಮಹಡಿಗಳು ಮಧ್ಯದಲ್ಲಿ ಜೋತುಬಿದ್ದವು. ಎರಡು ಗೂಟಗಳ ನಡುವೆ ಕಟ್ಟಿದ ಹಗ್ಗದ ಮೇಲೆ ಒದ್ದೆ ಕಂಬಳಿ ಹಾಕಿದರೆ ಹಗ್ಗ ಜೋತು, ಗೂಟಗಳು ಒಳಕ್ಕೆ ವಾಲುವುದನ್ನು ನೋಡಿದ್ದೇವಲ್ಲ, ಹಾಗೆಯೇ ಜೋತ ಮಹಡಿಗಳು ಹೊರಗಿನ ಕಂಬಗಳನ್ನು ಒಳಕ್ಕೆ ಎಳೆದವು. ಕಂಬಗಳು ಬಾಗಿ ಮುರಿದಾಗ ಮೇಲಿನ ಮಹಡಿಗಳ ಇಡೀ ಭಾರ ಕೆಳಗಿನದರ ಮೇಲೆ ಬಿತ್ತು. ಹಾಗೆ ಬೀಳುತ್ತಿರುವ ಭಾರವನ್ನು ಯಾವ ಮಹಡಿಯೂ ತಡೆಯಲಾರದು. ದಕ್ಷಿಣ ಗೋಪುರದಲ್ಲಿ ಪೆಟ್ಟು ಕೆಳಗಿನ ಮಹಡಿಗಳಿಗೆ ಬಿದ್ದುದರಿಂದ ಹಾನಿಯಾದ ಭಾಗದ ಮೇಲಿನ ತೂಕ ಹೆಚ್ಚಿತ್ತು. ಅದು 56 ನಿಮಿಷಗಳಲ್ಲೇ ಬಿದ್ದುದಕ್ಕೆ ಇದೂ ಒಂದು ಕಾರಣ.

ಇಳಿಯುವ ಆದೇಶ ಎಲ್ಲರಿಗೂ ತಲುಪಲಿಲ್ಲ

ನನ್ನ ಮಟ್ಟಿಗೆ ಇಡೀ ವೃತ್ತಾಂತದಲ್ಲಿ ಓದಲು ಅತ್ಯಂತ ಕಷ್ಟವಾಗುವ ಭಾಗ ಇದು. ದಕ್ಷಿಣ ಗೋಪುರ ಕುಸಿದಾಗ ಉತ್ತರ ಗೋಪುರದ ಮೆಟ್ಟಿಲುಗಳಲ್ಲಿದ್ದವರಿಗೆ ಭಯಂಕರ ಸದ್ದು, ನಡುಕ ಅನುಭವಕ್ಕೆ ಬಂತು. ಏನಾಯಿತೆಂದು ಅವರಲ್ಲಿ ಹೆಚ್ಚಿನವರಿಗೆ ತಿಳಿಯಲಿಲ್ಲ. ಪಕ್ಕದ 110 ಮಹಡಿಯ ಕಟ್ಟಡವೇ ಇಲ್ಲವಾಗಿದೆ ಎಂದು ಯಾರಾದರೂ ಊಹಿಸುವುದಾದರೂ ಹೇಗೆ?

ಕೆಳಗಿನ ಹಜಾರದಲ್ಲಿ ಕಾರ್ಯಾಚರಣೆ ನಡೆಸುತ್ತಿದ್ದವರು ಮೊದಲು ಅಲ್ಲಿಗೆ ಬಂದು ತಲುಪಿದ ಮುಖ್ಯಸ್ಥ ಜೋಸೆಫ್ ಫೈಫರ್. ಹೊರಗೇನಾಗಿದೆಯೆಂದು ಅವರಿಗೂ ಆಗ ಗೊತ್ತಿರಲಿಲ್ಲ. ಆದರೂ ಎಲ್ಲರೂ ಗೋಪುರ ಬಿಟ್ಟು ಹೊರಬರಬೇಕೆಂದು ಅವರು ವಾಕಿಟಾಕಿಯಲ್ಲಿ ಆದೇಶ ಕೊಟ್ಟರು. ಕಾಂಕ್ರೀಟು, ಉಕ್ಕಿನ ಪದರಗಳನ್ನು ದಾಟಿ ಹತ್ತಾರು ಮಹಡಿ ಮೇಲಕ್ಕೆ ವಾಕಿಟಾಕಿಯ ಸಂಕೇತ ಹೋಗುವುದು ಕಷ್ಟ. ಸಂಕೇತವನ್ನು ಹಿಡಿದು ಬಲಪಡಿಸಿ ಮುಂದಕ್ಕೆ ಕಳಿಸುವ ‘ರಿಪೀಟರ್’ ಎಂಬ ಸಾಧನ ಆ ಕಟ್ಟಡಕ್ಕೆ ಇತ್ತು. 1993ರ ಫೆಬ್ರವರಿಯಲ್ಲಿ ಅದೇ ಗೋಪುರದ ಕೆಳಗೆ ಬಾಂಬ್ ಸ್ಫೋಟವಾದಾಗ ಸಂಪರ್ಕ ಕೈಕೊಟ್ಟಿದ್ದರಿಂದ ಅದನ್ನು ಅಳವಡಿಸಲಾಗಿತ್ತು. ಆದರೆ ಅದನ್ನು ಪೂರ್ತಿ ಚಾಲೂ ಮಾಡಲು ಎರಡು ಗುಂಡಿ ಒತ್ತಬೇಕಿತ್ತು. ಅಂದು ಎರಡನೆಯದನ್ನು ಒತ್ತಿರಲಿಲ್ಲವೆಂದು ತನಿಖಾ ಆಯೋಗ ಕಂಡುಕೊಂಡಿತು. ಸಾಧನ ಕೆಟ್ಟಿದೆಯೆಂದು ತಿಳಿದ ಉತ್ತರ ಗೋಪುರದ ಮುಖ್ಯಸ್ಥರು ಅದನ್ನು ಬಿಟ್ಟು ಬೇರೆ ವಾಹಿನಿ ಬಳಸಿದರು.

ಕೆಲವರಿಗೆ ಆದೇಶ ಕೇಳಿಸಿತು, ಇಳಿದು ಬಂದು ಬದುಕಿದರು. ಕೆಲವರಿಗೆ ಕೇಳಿಸಲೇ ಇಲ್ಲ. ಕೇಳಿಸಿದರೂ ಗಾಯಾಳುಗಳನ್ನು ಬಿಟ್ಟು ಬರಲೊಪ್ಪದೆ, ಇಲ್ಲವೇ ಜೊತೆಯವರಿಗಾಗಿ ಕಾದು ತಡಮಾಡಿದವರೂ ಇದ್ದರು. ಫೈಫರ್ ಬದುಕುಳಿದರು. ಅದೇ ದಳದಲ್ಲಿದ್ದ ಅವರ ತಮ್ಮ ಕೆವಿನ್ ಹಿಂದಿರುಗಲಿಲ್ಲ. ಇಡೀ ದಳದ ಮುಖ್ಯಸ್ಥ ಪೀಟರ್ ಗ್ಯಾನ್ಸಿ, ಮೊದಲ ಕುಸಿತದ ಧೂಳಿನಿಂದ ಎದ್ದು ಬಂದು, ಉಳಿದವರನ್ನು ಉತ್ತರದ ಸುರಕ್ಷಿತ ಜಾಗಕ್ಕೆ ಕಳಿಸಿ, ತಾವು ಮತ್ತೆ ಗೋಪುರದ ಕಡೆಗೇ ನಡೆದರು. ಎರಡನೆಯ ಕುಸಿತ ಅವರನ್ನು ಬಲಿ ತೆಗೆದುಕೊಂಡಿತು. ದಳದ ಧರ್ಮಗುರು ಮೈಕಲ್ ಜಡ್ಜ್ ಉತ್ತರ ಗೋಪುರದ ಹಜಾರದಲ್ಲಿ ಪ್ರಾಣಬಿಟ್ಟರು. ಆ ದುರಂತದ ಅಧಿಕೃತ ಮರಣ ಪಟ್ಟಿಯಲ್ಲಿ ಮೊದಲ ಸಂಖ್ಯೆ ಅವರದು.

ನೆಲದಡಿಯಲ್ಲಿ ಏನೇನಿದೆ

2014ರ ಮೇನಲ್ಲಿ ತೆರೆದ ಈ ಮ್ಯೂಸಿಯಂ ಇರುವುದು ಗೋಪುರಗಳ ಬುನಾದಿಯ ಜಾಗದಲ್ಲೇ. ಇಳಿಜಾರಿನ ಹಾದಿಯಲ್ಲಿ ನಿಧಾನಕ್ಕೆ ಕೆಳಗಿಳಿದು ಹೋಗಬೇಕು. ಲ್ಯಾಡರ್ 3 ನಿಂತಿರುವುದು ಎರಡು ಗೋಪುರಗಳ ಜಾಗಗಳ ನಡುವಿನ ಹಾದಿಯಲ್ಲಿ. ಅಂದು ವೆಸ್ಟ್ ಸ್ಟ್ರೀಟ್‌ನಲ್ಲಿ ನಿಲ್ಲಿಸಿದ್ದ ಅದು ಉತ್ತರ ಗೋಪುರದ ಅವಶೇಷಗಳಡಿ ಸಿಕ್ಕಿ ಜಜ್ಜಿಹೋಯಿತು. ಆಮೇಲೆ ವರ್ಷಗಟ್ಟಲೆ ಕೆನಡಿ ವಿಮಾನ ನಿಲ್ದಾಣದ ಒಂದು ದೊಡ್ಡ ಕೊಟ್ಟಿಗೆಯಲ್ಲಿತ್ತು. ಮ್ಯೂಸಿಯಂ ಕಟ್ಟಿ ಮುಗಿದ ಮೇಲೆ ಬಾಗಿಲಿನಿಂದ ಒಳತರಲಾಗದಷ್ಟು ದೊಡ್ಡದಾದ್ದರಿಂದ 2011ರ ಜುಲೈನಲ್ಲೇ, ಇನ್ನೂ ಕಟ್ಟಡ ಏಳುತ್ತಿದ್ದಾಗ, ಕ್ರೇನಿನಿಂದ ಕೆಳಗಿಳಿಸಲಾಯಿತು.

ಅಡಿಪಾಯದ ವಿಶಾಲ ಸಭಾಂಗಣದಲ್ಲಿ ಒರಟಾದ ಎತ್ತರದ ಕಾಂಕ್ರೀಟ್ ಗೋಡೆಯೊಂದು ಕಾಣುತ್ತದೆ. ಪಕ್ಕದಲ್ಲೇ ಹರಿಯುವ ಹಡ್ಸನ್ ನದಿಯ ನೀರು ಬುನಾದಿಗೆ ನುಗ್ಗದಂತೆ 1960ರ ದಶಕದಲ್ಲಿ ಕಟ್ಟಿದ್ದು ಅದು. ನಮ್ಮ ತೋಟದ ಬಾವಿಯ ಒಳಗೋಡೆ ಸುತ್ತಲ ಮಣ್ಣು ಜರಿಯದಂತೆ ತಡೆಯುವ ಹಾಗೆ ಇದು ನದಿಯನ್ನು ತಡೆದು ನಿಂತಿದೆ. ಗೋಪುರಗಳು ಬಿದ್ದಾಗಲೂ ಅದು ಒಡೆಯಲಿಲ್ಲ.

ಅದೇ ಸಭಾಂಗಣದಲ್ಲಿರುವ 36 ಅಡಿ ಎತ್ತರದ ಉಕ್ಕಿನ ಕಂಬಕ್ಕೆ ‘ಕೊನೆಯ ಕಂಬ’ ಎಂದು ಹೆಸರು. ಅವಶೇಷಗಳನ್ನು ತೆಗೆಯುವ ಕೆಲಸ 2002ರ ಮೇವರೆಗೂ ನಡೆಯಿತು, ಎಲ್ಲ ಮುಗಿದ ಮೇಲೆ ಉಳಿದಿದ್ದದ್ದು ದಕ್ಷಿಣ ಗೋಪುರದ ಈ ಒಂದು ಕಂಬ. ಅದರ ಮೇಲೆ ಬಣ್ಣದಲ್ಲಿ ಬರೆದ ಅಕ್ಷರಗಳು, ಅಂಟಿಸಿದ ಫೋಟೋಗಳು ಈಗಲೂ ಇವೆ. ತಮ್ಮ ಗೆಳೆಯರನ್ನು ಹುಡುಕುತ್ತಿದ್ದ ತಂಡಗಳು ತಂತಮ್ಮ ಕಂಪನಿಯ ಗುರುತನ್ನು ಬರೆದವು. ಅದರ ಮೇಲಿರುವ ‘37’, ‘23’, ‘343’ ಎಂಬ ಸಂಖ್ಯೆಗಳು ಕ್ರಮವಾಗಿ ಬಂದರು ಪ್ರಾಧಿಕಾರದ ಪೊಲೀಸರು, ನಗರ ಪೊಲೀಸರು ಮತ್ತು ಅಗ್ನಿಶಾಮಕ ದಳದವರಲ್ಲಿ ಮಡಿದವರದು. ಆ ತಿಂಗಳುಗಳಲ್ಲಿ ಒಬ್ಬ ಸಿಬ್ಬಂದಿಯ ದೇಹದ ತುಣುಕು ಸಿಕ್ಕರೂ ಯಂತ್ರಗಳು ನಿಲ್ಲುತ್ತಿದ್ದವು. ಬಾವುಟ ಹೊದಿಸಿದ ಸ್ಟ್ರೆಚರನ್ನು ಹೊತ್ತು ತರುವಾಗ ಅಲ್ಲಿದ್ದವರೆಲ್ಲ ಹೆಲ್ಮೆಟ್ ತೆಗೆದು ಸಾಲಾಗಿ ನಿಲ್ಲುತ್ತಿದ್ದರು.

ಎಲ್ಲರೂ ಸಿಗಲಿಲ್ಲ. ನ್ಯೂಯಾರ್ಕಿನಲ್ಲಿ ಸತ್ತ 2,753 ಮಂದಿಯಲ್ಲಿ ಸುಮಾರು 1,100 ಮಂದಿಯ ಅವಶೇಷಗಳ ಗುರುತು ಇನ್ನೂ ಹತ್ತಿಲ್ಲ, ಡಿ.ಎನ್.ಎ. ಪರೀಕ್ಷೆ ಮುಂದುವರಿದಿದೆ. ಮ್ಯೂಸಿಯಂನ ಒಂದು ಗೋಡೆಯ ತುಂಬ ನೀಲಿ ಬಣ್ಣದ 2,983 ಚೌಕಗಳಿವೆ, 1993ರ ಸ್ಫೋಟದಲ್ಲಿ ಸತ್ತವರೂ ಸೇರಿ ಒಬ್ಬೊಬ್ಬರಿಗೆ ಒಂದರಂತೆ. ಆ ಬೆಳಗಿನ ಆಕಾಶದ ನೀಲಿಯನ್ನು ನೆನಪಿನಿಂದ ಹಿಡಿಯಲು ಕಲಾವಿದರೊಬ್ಬರು ಮಾಡಿದ ಪ್ರಯತ್ನ ಅದು, ಒಂದು ಚೌಕದಂತೆ ಇನ್ನೊಂದಿಲ್ಲ. ಗುರುತು ಸಿಗದ ಅವಶೇಷಗಳನ್ನು ಇಟ್ಟಿರುವುದು ಆ ಗೋಡೆಯ ಹಿಂದೆ. ಅಲ್ಲಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಫೋಟೋ ತೆಗೆಯಲು ಹೊರಡುವ ಮುನ್ನ ಇದು ತಿಳಿದಿದ್ದರೆ ಒಳ್ಳೆಯದು.

ಮಕ್ಕಳನ್ನೋ ವಯಸ್ಸಾದವರನ್ನೋ ಕರೆದೊಯ್ಯುವವರಿಗೆ ಒಂದು ಮಾತು: ಘಟನೆಯ ಚರಿತ್ರೆ ಹೇಳುವ ಒಳಗಿನ ಪ್ರದರ್ಶನದಲ್ಲಿ ಆ ದಿನದ ದೂರವಾಣಿ ಕರೆಗಳ ಧ್ವನಿಗಳೂ ಇವೆ. ಸಹಿಸಲಾಗದಿದ್ದರೆ ನಡುವೆಯೇ ಹೊರಬರಲು ದಾರಿಗಳಿವೆ. ಆ ಭಾಗವನ್ನು ಬಿಟ್ಟರೂ ವಾಹನ, ಕಂಬ, ಗೋಡೆಗಳನ್ನು ನೋಡಬಹುದು.

ಹೆಸರುಗಳ ಸಾಲು

ಮೇಲೆ, ತೆರೆದ ಬಯಲಿನಲ್ಲಿ, ಗೋಪುರಗಳಿದ್ದ ಜಾಗದಲ್ಲೇ ಎರಡು ದೊಡ್ಡ ಚೌಕಾಕಾರದ ಕೊಳಗಳಿವೆ. ಸುತ್ತಲಿನ ಕಂಚಿನ ಫಲಕಗಳಲ್ಲಿ 2,983 ಹೆಸರುಗಳನ್ನು ಕೊರೆಯಲಾಗಿದೆ. 1993ರ ಸ್ಫೋಟದಲ್ಲಿ ಸತ್ತ ಆರು ಮಂದಿಯದೂ ಸೇರಿದ ಸಂಖ್ಯೆ ಇದು. ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿಲ್ಲ. ಯಾರ ಹೆಸರಿನ ಪಕ್ಕ ಯಾರದಿರಬೇಕೆಂದು ಕುಟುಂಬಗಳನ್ನು ಕೇಳಿದಾಗ 1,200ಕ್ಕೂ ಹೆಚ್ಚು ಕೋರಿಕೆಗಳು ಬಂದವು, ಅವುಗಳಂತೆ ಜೋಡಿಸಲಾಯಿತು.

ಅಗ್ನಿಶಾಮಕ ಸಿಬ್ಬಂದಿಯ ಹೆಸರುಗಳನ್ನು ಹುಡುಕುವವರು ದಕ್ಷಿಣದ ಕೊಳಕ್ಕೆ ಹೋಗಬೇಕು. ಅಲ್ಲಿ ಕಂಪನಿಯ ಹೆಸರು, ಅದರ ಕೆಳಗೆ ಆ ತಂಡದವರ ಹೆಸರುಗಳಿವೆ. ಹುದ್ದೆಗಳನ್ನು ಬರೆದಿಲ್ಲ. ಕ್ಯಾಪ್ಟನ್ನಿನ ಹೆಸರೂ ಹೊಸದಾಗಿ ಸೇರಿದವನ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿವೆ. ಒಮ್ಮೊಮ್ಮೆ ಒಂದು ಹೆಸರಿನಲ್ಲಿ ಬಿಳಿ ಗುಲಾಬಿ ಸಿಕ್ಕಿಸಿರುವುದು ಕಾಣುತ್ತದೆ, ಅಂದು ಅವರ ಹುಟ್ಟುಹಬ್ಬವೆಂದು ಅರ್ಥ.

ಬಯಲಿನ ನೈಋತ್ಯ ಭಾಗದಲ್ಲಿ ಹಾದಿಯ ಎರಡೂ ಬದಿಗೆ ಆರು ದೊಡ್ಡ ಕಲ್ಲುಗಳು ನೆಲದಿಂದ ಓರೆಯಾಗಿ ಮೇಲೆದ್ದಿವೆ. ಅವುಗಳೊಳಗೆ ಗೋಪುರದ ಉಕ್ಕಿನ ತುಂಡುಗಳನ್ನು ಕೂಡಿಸಲಾಗಿದೆ. ಅವಶೇಷ ತೆಗೆಯುವವರು ತಿಂಗಳುಗಟ್ಟಲೆ ಇಳಿದು ಹತ್ತಿದ ಇಳಿಜಾರು ಇದ್ದದ್ದು ಆ ಜಾಗದಲ್ಲೇ. ಸಿಮೆಂಟು, ಕಲ್ನಾರು, ಗಾಜಿನ ಎಳೆ, ಸೀಸ ಬೆರೆತ ಧೂಳನ್ನು ಅವರು ಅಲ್ಲಿ ಉಸಿರಾಡಿದರು. ವರ್ಷಗಳ ನಂತರ ಅವರಲ್ಲಿ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ಕಾಣಿಸಿಕೊಂಡವು. ಅವರ ಚಿಕಿತ್ಸೆಗೆಂದೇ ಅಮೆರಿಕದ ಸಂಸತ್ತು 2010ರಲ್ಲಿ ಪ್ರತ್ಯೇಕ ಕಾನೂನು ಮಾಡಿತು. 2019ರ ಮೇ 30ರಂದು, ಅಂದರೆ ಅವಶೇಷಗಳ ತೆರವು ಅಧಿಕೃತವಾಗಿ ಮುಗಿದು ಸರಿಯಾಗಿ 17 ವರ್ಷ ತುಂಬಿದ ದಿನ, ಈ ಕಲ್ಲುಗಳನ್ನು ಅವರ ನೆನಪಿಗೆ ಅರ್ಪಿಸಲಾಯಿತು. ಈ ಕಲ್ಲುಗಳ ಮೇಲೆ ಯಾರ ಹೆಸರೂ ಇಲ್ಲ. ಆ ಕಾಯಿಲೆಗಳಿಂದ ಸಾಯುವವರ ಪಟ್ಟಿ ಇನ್ನೂ ಬೆಳೆಯುತ್ತಿದೆ. 2023ರ ಸೆಪ್ಟೆಂಬರ್‌ನಲ್ಲಿ, ಆ ಧೂಳಿನ ಕಾಯಿಲೆಗಳಿಂದ ತೀರಿಕೊಂಡ ನ್ಯೂಯಾರ್ಕ್ ಅಗ್ನಿಶಾಮಕ ದಳದವರ ಸಂಖ್ಯೆ 343 ಮುಟ್ಟಿತು.